ಬಂದ ದೇವರು ಹೋಗದಿದ್ದಾಗ

ನನ್ನ ನಾದಿನಿಗೆ ಮೊದಲ ಸಲ ಆರತಿ ಎತ್ತಿದವಳು ನಾನೇ. ಇದನ್ನು ಬರೆಯದೆ ಮುಂದಕ್ಕೆ ಹೋದರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತದೆ.

ಗುತ್ತಲಿನ ನಮ್ಮ ಮನೆಯಿಂದ ಅವಳು ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಳು. ಯುಗಾದಿ ಕಳೆದ ಮೇಲೆ, ಬಸ್ಸಿನ ಹೆಂಗಸರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ಕೆಲಸ ಬಿಟ್ಟಳು. ಒಂದು ಶುಕ್ರವಾರ ನಾನು ಮಂಗಳಾರತಿ ಮಾಡುವಾಗ ಹಿಂದೆ ನಿಂತು ಯಾರಿಗೋ ಉತ್ತರ ಕೊಡುವ ಹಾಗೆ ಮಾತಾಡತೊಡಗಿದಳು. ಯಾರೇ ಅದು ಅಂದರೆ, ಅಮ್ಮನವರು ಅಂದಳು. ತಟ್ಟೆ ಕೈಯಲ್ಲೇ ಇತ್ತು. ತಿರುಗಿ ಅವಳಿಗೇ ಬೆಳಗಿಬಿಟ್ಟೆ.

ನಮ್ಮ ಮನೆಗೆ ಅದು ಹೊಸದಲ್ಲ. ನನ್ನ ಗಂಡನ ಅಜ್ಜಿಯ ಮೈಮೇಲೆ ದೇವರು ಬರುತ್ತಿತ್ತು. ಈಗ ಮೊಮ್ಮಗಳ ಮೇಲೆ ಬಂದಿದೆ ಎಂದು ಅತ್ತೆ ಹಿಗ್ಗಿದರು. ಶುಕ್ರವಾರ ಬಂತೆಂದರೆ ಜನ ಕಾಯಿ ಹಿಡಿದು ಬರತೊಡಗಿದರು. ಮಗಳಿಗೆ ಗಂಡು ಸಿಗುತ್ತಾ, ಬೋರ್‌ವೆಲ್ಲಲ್ಲಿ ನೀರು ಬೀಳುತ್ತಾ ಎಂದು ಕೇಳುತ್ತಿದ್ದರು. ಅವಳು ಆಡುವ ಮಾತು ಯಾವುದಕ್ಕೂ ಹೊಂದುತ್ತಿರಲಿಲ್ಲ. ಹೊಂದಿಸಿಕೊಳ್ಳುವ ಕೆಲಸವನ್ನು ಕೇಳಿದವರೇ ಮಾಡುತ್ತಿದ್ದರು.

ಅವಳ ಊಟ ತಿಂಡಿ ನೋಡುತ್ತಿದ್ದವಳು ನಾನು. ಸ್ನಾನ ಬಿಟ್ಟಳು. ತಲೆ ಬಾಚಿಸಿಕೊಳ್ಳುತ್ತಿರಲಿಲ್ಲ. ಮುದ್ದೆ ಬಡಿಸಿದರೆ ತಟ್ಟೆ ಸರಿಸಿ, "ಅತ್ಗೆ, ಇದ್ರೊಳ್ಗೆ ಏನಾಕಿದ್ದೀಯ?" ಅನ್ನುತ್ತಿದ್ದಳು. ಸಿಪ್ಪೆ ಬಿಡಿಸದ ಬಾಳೆಹಣ್ಣು, ಚಿಪ್ಪು ಒಡೆಯದ ಬೇಯಿಸಿದ ಮೊಟ್ಟೆ, ಇಷ್ಟೇ ಅವಳ ಊಟ. ಅಷ್ಟಾದರೂ ತಿಂದಳಲ್ಲ ಎಂದು ದಿನವೂ ದೇವರಿಗೆ ಕೈ ಮುಗಿದು ಮಲಗುತ್ತಿದ್ದೆ. ಆರು ತಿಂಗಳು ಹೀಗೇ ಸವೆಯಿತು.

ಅವಳು ಕಡ್ಡಿಯಾದಾಗ ನನ್ನ ಗಂಡ ಹಟ ಹಿಡಿದು ಮನೋರೋಗದ ಡಾಕ್ಟರ ಹತ್ತಿರ ಹೊರಡಿಸಿದರು. ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, ಹದಿನೈದು ದಿನದಿಂದ ನಿದ್ದೆ ಇಲ್ಲ ಅಂತಷ್ಟೇ ಹೇಳು ಅಂದರು. ಹುಚ್ಚು ಅಂತ ಬರೆದುಬಿಟ್ಟರೆ ಮದುವೆಯಾಗಬೇಕಾದ ಹುಡುಗಿಯ ಗತಿ ಏನು ಎಂಬುದು ಅವರ ಚಿಂತೆ. ನನ್ನ ಭಯ ಬೇರೆ. ನಿಜವಾಗಿ ಬಂದಿರುವುದು ದೇವರೇ ಆಗಿದ್ದು, ನಾನು ಕಾಯಿಲೆ ಅಂದುಬಿಟ್ಟರೆ?

ಡಾಕ್ಟರಮ್ಮ ಮೊದಲು ಅವಳೊಬ್ಬಳ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಫಿಟ್ಸು ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ನಶೆಯ ಅಭ್ಯಾಸ ಇತ್ತಾ ಎಂದೆಲ್ಲ ಕೇಳಿ, ಥೈರಾಯ್ಡು ಮತ್ತು ಇನ್ನಷ್ಟು ಪರೀಕ್ಷೆ ಬರೆದರು. ಇವು ಬೇರೆ ಕಾರಣ ಇದೆಯೋ ಎಂದು ನೋಡುವುದಕ್ಕೆ, ತಮಗೆ ಅನುಮಾನವಿರುವ ಕಾಯಿಲೆ ರಕ್ತದಲ್ಲಿ ಕಾಣುವುದಿಲ್ಲ, ನೀವು ಹೇಳುವುದರ ಮೇಲೇ ಬಹಳ ನಿಂತಿದೆ ಅಂದರು. ಎಷ್ಟು ದಿನದಿಂದ ಎಂದಾಗ ಅತ್ತೆ ಹದಿನೈದು ದಿನ ಅಂದರು.

ಅವಳಿಗೆ ದೇವರ ದನಿ ಕೇಳಿಸುತ್ತದಂತೆ, ಮನೆಯಲ್ಲಿ ಬೇರೆ ಯಾರಿಗಾದರೂ ದೇವರು ಬರುತ್ತಿತ್ತಾ ಎಂದು ಡಾಕ್ಟರಮ್ಮ ಕೇಳಿದರು. ನಗಲಿಲ್ಲ. ಅಜ್ಜಿಗೆ ಬರುತ್ತಿತ್ತು ಅಂದೆ. ಬಂದರೆ ಎಷ್ಟು ಹೊತ್ತು ಅಂದರು. ಅರ್ಧ ಗಂಟೆ. ಹೇಳುವುದನ್ನು ಹೇಳಿ, ಅರಿಶಿನದ ನೀರು ಕುಡಿದರೆ ಹೊರಟುಹೋಗುತ್ತಿತ್ತು. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, ಮುದ್ದೆಗೆ ಇನ್ನೂ ಎಸರಿಟ್ಟಿಲ್ಲವಾ ಎಂದು ನಮ್ಮನ್ನೇ ಬೈಯುತ್ತಿದ್ದರು.

"ಇವಳಿಗೆ?"

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಇದು ಓಯ್ತಾನೇ ಇಲ್ಲ ಡಾಕ್ಟ್ರೇ," ಅಂದೆ. "ಯುಗಾದಿಯಿಂದ ಅವ್ಳ ಜೊತೇಲೇ ಅದೆ. ಉಣ್ಣಾಕ್ ಬುಡಲ್ಲ, ಮನಗಾಕ್ ಬುಡಲ್ಲ. ನಮ್ ದೇವ್ರು ಯಾರ್ನೂ ಇಂಗ್ ಉಪಾಸ ಕೆಡವಲ್ಲ."

ಡಾಕ್ಟರಮ್ಮ ತಾವು ಬರೆದುಕೊಂಡಿದ್ದ ಹದಿನೈದು ದಿನ ಎಂಬುದನ್ನು ಹೊಡೆದುಹಾಕಿ, ಮಿಕ್ಕಿದ್ದನ್ನೂ ನನ್ನಿಂದ ಕೇಳಿಕೊಂಡರು. ದನಿ ಕೇಳುವುದೊಂದೇ ಸಾಲದು, ಅನುಮಾನ, ಕೆಲಸ ಬಿಟ್ಟದ್ದು, ಮೈಮೇಲಿನ ಗಮನ ತಪ್ಪಿದ್ದು, ಎಲ್ಲ ಸೇರಿ ತಿಂಗಳುಗಟ್ಟಲೆ ಇದ್ದರೆ ಆಗ ಯೋಚಿಸಬೇಕು ಅಂದರು. ಹೆಸರು ಹೇಳಿದ್ದು ಮೂರನೆಯ ಸಲ ಹೋದಾಗ, ಸ್ಕಿಜೋಫ್ರೀನಿಯಾ ಎಂದು. ಯಾರ ತಪ್ಪೂ ಅಲ್ಲ, ಮಾತ್ರೆ ಬಹಳ ಕಾಲ ಬೇಕು ಅಂದರು. ಯಾರ ತಪ್ಪೂ ಅಲ್ಲ ಎಂಬುದನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ.

ಮೊದಲ ಸಲ ಹೋಗಿ ಬಂದಾಗಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆ ವಾರದ ಶುಕ್ರವಾರ ದುದ್ದದಿಂದ ಇಬ್ಬರು ಹೆಂಗಸರು ಕೇಳುವುದಕ್ಕೆ ಬಂದರು. ಅತ್ತೆಯೇ ಬಾಗಿಲಿಗೆ ಹೋದರು. ನಾನು ಅಡುಗೆಮನೆಯಿಂದಲೇ ಕೇಳಿಸಿಕೊಂಡೆ.

"ದೇವ್ರು ಗೀವ್ರು ಏನಿಲ್ಲ ಕಣವ್ವ. ಮಗೀಗೆ ಉಸಾರಿಲ್ಲ. ಮಾತ್ರೆ ತಕಂಡು ಮನಗವ್ಳೆ."

ಒಳಗೆ ಬಂದವರು ನನ್ನ ಮುಖ ನೋಡದೆ, ಸೊಪ್ಪಿನ ಕಟ್ಟು ಬಿಚ್ಚಿ ಬಿಡಿಸಲು ಕೂತರು. ನಾನೂ ಎದುರಿಗೆ ಕೂತು ಅರ್ಧ ಸೊಪ್ಪನ್ನು ನನ್ನ ಕಡೆ ಎಳೆದುಕೊಂಡೆ.