ನಾಲ್ಕನೇ ಪ್ಲಗ್

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಕಾರಿನ ಬಾನೆಟ್ ಎತ್ತಿದ್ದರು. ಪೆಟ್ರೋಲ್ ವಾಸನೆ ಬಂದದ್ದೇ ತಡ, ರಾಜಾಜಿನಗರದ ನಮ್ಮ ಹಳೇ ಮನೆಯಂಗಳ ನೆನಪಾಯಿತು.

ಅಂದು ಅಪ್ಪನ ತಂಗಿ ಸರೋಜತ್ತೆಗೆ ಟೀಚರ್ ಕೆಲಸದ ಸಂದರ್ಶನವಿತ್ತು. ಅವಳನ್ನು ಕರೆದೊಯ್ಯಬೇಕಾದ ನಮ್ಮ ಕಾರು ಸ್ಟಾರ್ಟ್ ಆಗಲಿಲ್ಲ. ಅಪ್ಪ ಸ್ಪಾರ್ಕ್ ಪ್ಲಗ್ ಬದಲಿಸಲು ನಿಂತರು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಎಂಜಿನ್ನಿನ ಹಿಂದೆ, ಪೈಪಿನ ಸಂದಿಯಲ್ಲಿತ್ತು. ಸ್ಪ್ಯಾನರ್ ತಿರುಗಿಸಲು ಜಾಗವೇ ಇಲ್ಲ. ಅಪ್ಪನ ಬೆರಳ ಗೆಣ್ಣುಗಳೆಲ್ಲ ತರಚಿದವು.

“ಅಣ್ಣ, ನಾನು ಬಸ್ಸಲ್ಲಿ ಹೋಗ್ತೀನಿ,” ಎಂದಳು ಅತ್ತೆ, ಗಂಜಿ ಹಾಕಿದ ಸೀರೆಯ ನೆರಿಗೆ ಹಿಡಿದುಕೊಂಡು.

“ಐದು ನಿಮಿಷ ಇರಮ್ಮ. ಮನೇಲಿ ಕಾರಿಟ್ಕೊಂಡು ಬಸ್ ಯಾಕೆ?”

ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಐದೇ ನಿಮಿಷ ಎಂದರು. ಕೊನೆಗೆ ಪ್ಲಗ್ಗಿನ ಪಿಂಗಾಣಿ ಟಕ್ಕೆಂದು ಮುರಿಯಿತು. ಅತ್ತೆ ಬಸ್ ಹಿಡಿಯಲು ಮಾಗಡಿ ರಸ್ತೆಯತ್ತ ಓಡಿದಳು. ಅವಳು ತಲುಪುವ ಹೊತ್ತಿಗೆ ಸ್ಕೂಲಿನವರು ಬೇರೆಯವರನ್ನು ಆರಿಸಿಬಿಟ್ಟಿದ್ದರು.

ಸಂಜೆ ಅಪ್ಪ ಅಂದರು, “ಹಾಳಾದ್ ಪ್ಲಗ್ ಕಣಮ್ಮ.”

“ನನ್ನ ತಡೆದಿದ್ದು ಪ್ಲಗ್ ಅಲ್ಲ ಅಣ್ಣ,” ಎಂದಳು ಅತ್ತೆ.

ಅಪ್ಪ ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಅತ್ತೆ ಮತ್ತೆಂದೂ ಕೆಲಸಕ್ಕೆ ಅರ್ಜಿ ಹಾಕಲಿಲ್ಲ.

ಈಗ ಇಬ್ಬರೂ ಇಲ್ಲ. ನನಗೇ ಎಂಬತ್ತು ಸಮೀಪಿಸುತ್ತಿದೆ. ಅಪ್ಪನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.