ಬುಡದ ತೋಳು, ತುದಿಯ ತೋಳು

ನನ್ನ ಮೊದಲ ಬಿಲ್ಲಿನ ಎರಡು ತೋಳುಗಳೂ ಒಂದೇ ದಪ್ಪ ಇದ್ದವು. ಭೌತಶಾಸ್ತ್ರ ಓದಿದವಳು ನಾನು. ನಡುವಿನ ಹಿಡಿಯಿಂದ ಎರಡೂ ತುದಿಗಳವರೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಪ್ರತಿ ಗುರುತಿನಲ್ಲೂ ಕ್ಯಾಲಿಪರ್ ಇಟ್ಟು ನೋಡಿ, ಹೆಚ್ಚಿದ್ದ ಕಡೆ ಅರದಿಂದ ಉಜ್ಜಿದ್ದೆ. ಹೆದೆ ಏರಿಸಿ ಎಳೆದಾಗ ಒಂದು ತೋಳು ಮರದ ಗಂಟಿನ ಪಕ್ಕದಲ್ಲಿ ಮೊಣಕೈಯಂತೆ ಮಡಿಸಿಕೊಂಡು ಲಟಕ್ಕನೆ ಮುರಿಯಿತು.

ಇದು ನಡೆದದ್ದು ಸೊಕ್ಕೆಯಲ್ಲಿ, ಅಜ್ಜಿಯ ಮನೆಯ ಹಿತ್ತಲಿನಲ್ಲಿ. ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಬೇಸಿಗೆ ರಜೆ. ಕುರಿಗಳಿಗೆ ನೀರು ಕುಡಿಸುತ್ತಿದ್ದ ಮಾವ ಸದ್ದಿಗೆ ತಿರುಗಿ ನೋಡಿದರು.

“ಏನವ್ವಾ, ಎಮ್ಮೆಸ್ಸಿ ಬಿಲ್ಲು ಮುರೀತಾ?”

“ಸುಮ್ನಿರಲೇ,” ಎಂದರು ಜಗುಲಿಯ ಮೇಲಿದ್ದ ಅಜ್ಜಿ. “ನೀನು ಮಾಡಿದ ಮಂಚ ಎಷ್ಟು ದಿನ ಬಾಳ್ತು, ಹೇಳ್ಲಾ?”

ವಿಶ್ವವಿದ್ಯಾಲಯದಲ್ಲಿದ್ದಾಗ ಕ್ರೀಡಾ ವಿಭಾಗದ ಬಿಲ್ಲು ಹಿಡಿದು ಬಿಲ್ಲುಗಾರಿಕೆ ಕಲಿತಿದ್ದೆ. ಓದು ಮುಗಿದ ದಿನ ಅದನ್ನು ವಾಪಸು ಕೊಟ್ಟು ಬಂದೆ. ಆಮೇಲೆ ಕೈ ಖಾಲಿ. ಬಾಣಗಳು ಮಾತ್ರ ನನ್ನ ಸ್ವಂತದವಾಗಿದ್ದರಿಂದ ಉಳಿದಿದ್ದವು. ಬಿಲ್ಲಿಲ್ಲದ್ದು ನನ್ನನ್ನು ಎಷ್ಟು ಕಾಡುತ್ತಿತ್ತು ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಜ್ಜಿಯ ಹಿತ್ತಲಿನಲ್ಲಿ ನಿಂತುಹೋಗಿದ್ದ ಎತ್ತಿನ ಗಾಡಿಯ ಮುಂದಿನ ಎರಡು ಉದ್ದ ಮರಗಳು ತಡಸಲಿನವು ಎಂದು ತಿಳಿದಾಗ, ಅವನ್ನು ಕೇಳಿಯೇಬಿಟ್ಟೆ. ತಡಸಲು ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಬಿಲ್ಲಿಗೆ ಅದಕ್ಕಿಂತ ಒಳ್ಳೆಯ ಮರ ನಮ್ಮ ಕಡೆ ನನಗೆ ಗೊತ್ತಿಲ್ಲ.

ಒಂದು ಮರ ಹೀಗೆ ಹಾಳಾಯಿತು. ಇನ್ನೊಂದರ ಮೇಲೆ ಮಾವನ ಕಣ್ಣಿತ್ತು. ಕುರಿ ರೊಪ್ಪದ ಬಾಗಿಲಿಗೆ ಗಟ್ಟಿಯಾದ ಅಡ್ಡಮರ ಬೇಕಾಗಿತ್ತು.

“ಅದನ್ನೂ ಮುರದು ನೀರೊಲೆಗೆ ಹಾಕ್ತಾಳೆ, ನೋಡ್ತಿರು,” ಎಂದರು ಅಜ್ಜಿಗೆ.

“ಹಾಕ್ಲಿ ಬಿಡು. ಗಾಡಿ ಏನು ನಾಳೆ ಹೊಲಕ್ಕೆ ಹೋಗ್ಬೇಕಾ?”

ಕೊನೆಗೆ ಜಗಳೂರಿನ ಸಾಮಿಲ್ಲಿನಲ್ಲಿ ಮರವನ್ನು ಉದ್ದಕ್ಕೆ ಸೀಳಿಸಿದೆವು. ಬೋಲ್ಟಿನ ತೂತುಗಳಿದ್ದ ದಪ್ಪ ಭಾಗ ರೊಪ್ಪಕ್ಕೆ ಹೋಯಿತು. ತೂತಿಲ್ಲದ ಒಂದೇ ಪಟ್ಟಿ ನನ್ನದಾಯಿತು. ಇದೂ ಮುರಿದರೆ ಬೇರೆ ಮರವಿರಲಿಲ್ಲ.

ಪಟ್ಟಿಗೆ ಕೈ ಹಚ್ಚುವ ಮೊದಲು ಮುರಿದ ತುಂಡುಗಳನ್ನು ಮಂಡಿಗೆ ಒತ್ತಿ ಬಾಗಿಸಿ ನೋಡಿದೆ. ಒಂದು ಸುಲಭವಾಗಿ ಬಾಗಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಅದು ಮರದ ಬುಡದ ಕಡೆಯದು, ಎಳೆಗಳು ಒತ್ತೊತ್ತಾಗಿದ್ದವು. ನಾನು ಅಳೆದದ್ದು ದಪ್ಪವನ್ನು. ಅಳೆಯಬೇಕಾಗಿದ್ದದ್ದು ಬಾಗನ್ನು. ಬಿಗಿ ತೋಳು ಅಲುಗದೆ ನಿಂತು, ಎಳೆತವನ್ನೆಲ್ಲ ಇನ್ನೊಂದರ ಮೇಲೆ ಹಾಕಿತ್ತು.

ಮರುದಿನ ಹಿತ್ತಲಿನ ಸುಣ್ಣದ ಗೋಡೆಗೆ ಒಂದು ಗೂಟ ಬಡಿದು, ಪಟ್ಟಿಯಿಂದ ಒರಟಾಗಿ ಕೆತ್ತಿದ ಹೊಸ ಬಿಲ್ಲನ್ನು ಹಿಡಿಯ ಜಾಗದಲ್ಲಿ ಅದರ ಮೇಲೆ ಅಡ್ಡಲಾಗಿ ಕೂರಿಸಿ ಕಟ್ಟಿದೆ. ಹೆದೆಗೆ ಹಗ್ಗ ಸಿಕ್ಕಿಸಿ, ಗೋಡೆಯ ಕೆಳಗೆ ಬಿಗಿದ ಬಾವಿಯ ರಾಟೆಯಲ್ಲಿ ತೂರಿಸಿ, ಹಗ್ಗದ ತುದಿ ಹಿಡಿದು ದೂರ ನಿಂತೆ. ಎಳೆದರೆ ಎರಡೂ ತೋಳುಗಳು ಬಿಳಿ ಗೋಡೆಯ ಮೇಲೆ ಬಾಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗದೆ ನಿಂತ ಜಾಗಕ್ಕೆ ಇದ್ದಿಲಿನ ಗೆರೆ ಹಾಕುವುದು, ಇಳಿಸಿ ಅಲ್ಲಷ್ಟೇ ಗಾಜಿನ ಚೂರಿನಿಂದ ಹೆರೆಯುವುದು, ಮತ್ತೆ ಕಟ್ಟಿ ಎಳೆಯುವುದು. ಹೆಚ್ಚು ಬಾಗುವ ಜಾಗವನ್ನು ಮುಟ್ಟುವ ಹಾಗಿಲ್ಲ. ಹೆರೆದ ಮರವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಈ ಪಟ್ಟಿಯಲ್ಲೂ ಒಂದು ಗಂಟಿತ್ತು, ಮರದ ತುದಿಯ ಕಡೆಯ ತೋಳಿನಲ್ಲಿ. ಅದರ ಸುತ್ತ ಮರವನ್ನು ಹಾಗೇ ಉಬ್ಬಾಗಿ ಬಿಟ್ಟೆ.

“ಇದೇನವ್ವಾ, ಹಾವು ಇಲಿ ನುಂಗಿದಂಗೈತೆ!” ಎಂದರು ಮಾವ.

“ಇಲಿ ಅಲ್ಲೇ ಇರಲಿ, ಮಾವ. ತೆಗೆದ್ರೆ ಹಾವು ಸಾಯುತ್ತೆ.”

ಅಜ್ಜಿ ಜೋರಾಗಿ ನಕ್ಕರು. ನಾನು ಹೀಗೆ ತಿರುಗಿ ಮಾತಾಡುವುದು ಅಪರೂಪ.

ಹಗ್ಗವನ್ನು ದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚು ಎಳೆದೆ. ಬುಡದ ತೋಳು ಹಟಮಾರಿ. ಹೆರೆದು ಹೆರೆದು ಅದು ಕಣ್ಣಿಗೇ ಗೊತ್ತಾಗುವಷ್ಟು ತೆಳುವಾಯಿತು. ಇದು ತಪ್ಪು, ಎರಡೂ ಸಮ ಇರಬೇಕು ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು. ಆದರೆ ಗೋಡೆಯ ಮೇಲೆ ಬಾಗು ಸರಿಹೋಗುತ್ತಿತ್ತು. ನಾನು ಗೋಡೆಯನ್ನು ನಂಬಿದೆ.

ಒಂದು ಬೆಳಿಗ್ಗೆ ಬಾಣ ಬಿಡುವಷ್ಟೇ ದೂರ ಹಗ್ಗ ಎಳೆದು ಮಾವನ ಕೈಗೆ ಕೊಟ್ಟೆ. “ಅಲ್ಲಾಡಿಸಬೇಡ್ರಿ,” ಎಂದು ಹೇಳಿ, ಬಿಲ್ಲಿನ ಬಾಗನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದೆ. ಆಮೇಲೆ ಬಿಲ್ಲನ್ನು ಬಿಚ್ಚಿ, ಎಡಗಡೆಯ ತೋಳು ಬಲಕ್ಕೆ ಬರುವಂತೆ ತಿರುಗಿಸಿ ಕಟ್ಟಿದೆ. ಮಾವ ಮತ್ತೆ ಅಷ್ಟೇ ಎಳೆದರು. ತೋಳುಗಳು ಇಳಿದಿಳಿದು ಬಂದು ಆ ಗೆರೆಯ ಮೇಲೆ ಕೂತವು. ಎರಡೂ ಕಡೆ, ತುದಿಯಿಂದ ತುದಿಗೆ, ಕಪ್ಪು ಗೆರೆ ಎಲ್ಲೂ ಹೊರಗೆ ಇಣುಕಲಿಲ್ಲ.

“ಅಳತೆ ಸರಿ ಆತಾ?” ಎಂದರು ಮಾವ. ಅವರ ದನಿ ತಗ್ಗಿತ್ತು.

“ಆಯ್ತು.”

ಗೋಡೆಯ ಮೇಲೆ ಸರಿಹೋಯಿತು, ಇನ್ನು ಕೈಯಲ್ಲಿ. ಮೆಕ್ಕೆಜೋಳದ ಸಿಪ್ಪೆ ತುಂಬಿದ ಗೋಣಿಚೀಲವನ್ನು ಮಾವ ಹಿತ್ತಲಿನ ಆ ತುದಿಯಲ್ಲಿ ನಿಲ್ಲಿಸಿ ಬಂದರು. ಬಾಣ ಹೂಡಿ ನಿಧಾನವಾಗಿ ಎಳೆದೆ. ಮೊದಲ ಬಿಲ್ಲು ಮುರಿದ ದೂರವನ್ನು ಹೆದೆ ದಾಟಿತು. ಕಿವಿ ಆ ಸದ್ದಿಗಾಗಿ ಕಾಯುತ್ತಿತ್ತು. ಸದ್ದಿಲ್ಲ. ಹೆದೆ ಗದ್ದಕ್ಕೆ ತಾಗಿತು. ಎರಡೂ ತೋಳುಗಳು ಒಂದೇ ಉಸಿರಿನಲ್ಲಿ ನನ್ನ ಕಡೆ ಬಾಗಿ ನಿಂತಿದ್ದವು. ಅಂಗೈಯಲ್ಲಿ ಹಿಡಿ ಮೇಲಕ್ಕೂ ವಾಲಲಿಲ್ಲ, ಕೆಳಕ್ಕೂ ವಾಲಲಿಲ್ಲ.

ಬಿಟ್ಟೆ. ಚೀಲ ಧಡ್ ಎಂದಿತು. ಬಾಣ ಗರಿಯ ಹತ್ತಿರದವರೆಗೂ ಒಳಗೆ ಹೋಗಿತ್ತು.

“ಯವ್ವಾ!” ಎಂದರು ಅಜ್ಜಿ. ಮಾವ ಚೀಲದವರೆಗೆ ಓಡಿಹೋಗಿ, ಹಿಂದೆ ತೂರಿಬಂದ ಮೊನೆಯನ್ನು ಮುಟ್ಟಿ ನೋಡಿ, ಓಡುತ್ತಲೇ ವಾಪಸು ಬಂದು ಕೈ ಚಾಚಿದರು.

“ತಾರವ್ವಾ ಇಲ್ಲಿ, ನಾನೊಂದು ಬಿಡ್ತೀನಿ.”

ನನಗೆ ಕೊಡಲು ಮನಸ್ಸಾಗಲಿಲ್ಲ. ಹಿರಿಯರಿಗೆ ಇಲ್ಲವೆಂದು ಹೇಳುವವಳಲ್ಲ ನಾನು. ಅವತ್ತು ಹೇಳಿದೆ.

“ನಾಳೆ, ಮಾವ. ಇವತ್ತು ನಂದು. ಹಿಂದೆ ಸರೀರಿ.”

ಅವರು ಸರಿದರು. ನಾನು ಇನ್ನೊಂದು ಬಾಣ ಹೂಡಿದೆ.