ನಾನು ಸದ್ದಡಗಿಸಿದ ರಸ್ತೆ

ಗೋಗಿಯಿಂದ ಶಹಾಪುರಕ್ಕೆ ಮಂದಿ ಹತ್ತಿಸಿಕೊಂಡು ಟಂಟಂ, ಅಂದರೆ ದೊಡ್ಡ ಆಟೋ, ಓಡಿಸುವುದು ನನ್ನ ಕೆಲಸ. ಐದನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ನಮ್ಮ ಮನೆಯಲ್ಲಿ ಓದಿದವಳೆಂದರೆ ತಂಗಿ ಒಬ್ಬಳೇ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಕಣ್ಣಿಲ್ಲದ ಮಕ್ಕಳನ್ನು ದೂರದ ಬೇರೆ ಶಾಲೆಗೆ ಕಳಿಸದೆ, ಎಲ್ಲರ ಜೊತೆ ಅದೇ ಬೆಂಚಿನಲ್ಲಿ ಕೂರಿಸುವುದು ನಮ್ಮ ಕಡೆ ಆಗ ಹೊಸದಾಗಿ ಶುರುವಾಗಿತ್ತು. ಶಹಾಪುರದ ಹೈಸ್ಕೂಲಿಗೆ ಅವಳನ್ನು ನಾನೇ ಕರೆದೊಯ್ಯುತ್ತಿದ್ದೆ. ನನ್ನ ಪಕ್ಕದ ಜಾಗ ಅವಳದು. ಮಂದಿ ಎಷ್ಟೇ ಇದ್ದರೂ ಅಲ್ಲಿ ಬೇರೆಯವರನ್ನು ಹತ್ತಿಸುತ್ತಿರಲಿಲ್ಲ.

ಅಂಥ ಮಕ್ಕಳಿಗೆಂದೇ ಒಬ್ಬರು ಟೀಚರ್ ಆಗಾಗ ಶಾಲೆಗೆ ಬರುತ್ತಿದ್ದರು. ತಂಗಿಗೆ ಬ್ರೈಲ್ ಕಲಿಸಿದವರು ಅವರೇ. ಅವಳು ಹತ್ತನೆಯ ತರಗತಿಗೆ ಬಂದಾಗ ಅವರು ನಮ್ಮ ಮನೆಗೆ ಬಂದು ಅವ್ವನ ಎದುರು ಕುಳಿತರು.

“ಪರೀಕ್ಷೆ ಮುಗಿದ ಮ್ಯಾಲ ಯಾದಗಿರ್ಯಾಗ ಕಾಲೇಜಿಗೆ ಹಚ್ಚೋಣ್ರಿ. ಹಾಸ್ಟೆಲ್‌ನಾಗ ನಾ ಮಾತಾಡೀನಿ. ಆದ್ರ ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲಿಗೆ ಆಕಿ ಒಬ್ಬಾಕಿನ ನಡೀಬೇಕು. ಅದು ಬಂದ್ರ ತಗೋತೀವಿ ಅಂದಾರ.”

“ಕಣ್ಣಿಲ್ಲದ ಹುಡುಗಿನ್ನ ಅಲ್ಲಿ ಬಿಟ್ಟು ಬಂದ್ರ ನನ್ನ ಗಂಟಲಾಗ ರೊಟ್ಟಿ ಇಳೀತದೇನ್ರಿ ಟೀಚರ್?” ಎಂದಳು ಅವ್ವ.

“ಯವ್ವಾ, ನೀ ಸುಮ್ನ ರೊಟ್ಟಿ ತಿನ್ನು, ನಾ ಹೋಗ್ತೀನಿ” ಎಂದು ಒಳಗಿನಿಂದಲೇ ಕೂಗಿದಳು ತಂಗಿ. ಟೀಚರ್ ನಕ್ಕರು. ಅವ್ವ ನಗಲಿಲ್ಲ. ನನಗೂ ನಗು ಬರಲಿಲ್ಲ.

ಮೊದಲು ಶಹಾಪುರದಲ್ಲೇ ಅಭ್ಯಾಸ. ಬಸ್ ನಿಲ್ದಾಣದಿಂದ ಶಾಲೆಗೆ ಹೋಗಲು ಒಂದು ದೊಡ್ಡ ರಸ್ತೆ ದಾಟಬೇಕು. ಟೀಚರ್ ಅವಳಿಗೆ ಮಡಚುವ ಬಿಳಿ ಕೋಲು ಕೊಟ್ಟು, ಕೆಲವು ವಾರ ಜೊತೆಗೆ ನಡೆದರು. ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಕಿವಿಗೊಟ್ಟು ಕೇಳಲು ಹೇಳುತ್ತಿದ್ದರು. ಗಾಡಿಯ ಸದ್ದು ಹೇಗೆ ಹತ್ತಿರವಾಗುತ್ತದೆ, ಹೇಗೆ ಕರಗುತ್ತದೆ, ಎರಡರ ನಡುವೆ ದಾಟುವಷ್ಟು ಬಿಡುವು ಇದೆಯೋ ಇಲ್ಲವೋ. ಆಮೇಲೆ ಒಂದು ದಿನ ನನ್ನನ್ನು ಕರೆದರು.

“ಇನ್ನ ಮುಂದ ಆಕಿ ಒಬ್ಬಾಕಿನ ಬಸ್ಸಿನಾಗ ಬರ್ಲಿ. ನೀ ದೂರ ಇರು ತಮ್ಮ. ಆಕಿ ತಪ್ಪಲಿ. ತಪ್ಪಿದ್ರ ಯಾರನ್ನಾರ ಕೇಳ್ತಾಳ. ಕೇಳೋದೂ ಕಲೀಬೇಕಲ್ಲ?”

“ಹೂನ್ರಿ” ಎಂದೆ.

ಆದರೆ ಅವಳು ಒಬ್ಬಳೇ ಬಂದ ಮೊದಲ ದಿನವೇ ನನಗೆ ತಡೆಯಲಾಗಲಿಲ್ಲ. ಟಂಟಂ ಸ್ಟ್ಯಾಂಡಿನಿಂದ ನೋಡುತ್ತಿದ್ದೆ. ಕೋಲು ಹಿಡಿದು ನಿಂತಿದ್ದಳು. ಒಂದು ಸೈಕಲ್ ಅವಳ ಮೊಣಕೈ ಸವರಿಕೊಂಡು ಹೋಯಿತು. ಓಡಿ ಹೋಗಿ ಅವಳ ಹಿಂದೆ ನಿಂತೆ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ. ಎರಡೂ ಕಡೆಯ ಗಾಡಿಗಳಿಗೆ ಕೈ ತೋರಿಸಿದೆ. ಹೆಚ್ಚಿನವರು ನನ್ನ ಗುರುತಿನ ಟಂಟಂನವರೇ, ನಿಲ್ಲಿಸಿದರು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ, ಎಂಜಿನನ್ನೂ ಬಂದ್ ಮಾಡಿದರು. ರಸ್ತೆ ಗಪ್ಪಾಯಿತು. ಅವಳು ತಲೆ ವಾಲಿಸಿ ಕೇಳಿ, ನೆಟ್ಟಗೆ ದಾಟಿ ಹೋದಳು.

ಆಮೇಲೆ ಅದೇ ದಿನನಿತ್ಯದ ಕೆಲಸವಾಯಿತು. ಬೆಳಿಗ್ಗೆಯೂ ಸಂಜೆಯೂ ಅವಳ ಬಸ್ಸಿನ ಹೊತ್ತಿಗೆ ನಾನು ರಸ್ತೆಯಲ್ಲಿ ಇರುತ್ತಿದ್ದೆ. ಬಾಳೆಹಣ್ಣಿನ ಬಂಡಿಯವನನ್ನು ಆಚೆ ಸರಿಸುತ್ತಿದ್ದೆ, ಎಮ್ಮೆ ಅಡ್ಡ ಬಂದರೆ ಹೊಡೆದಟ್ಟುತ್ತಿದ್ದೆ. ಸ್ಟ್ಯಾಂಡಿನಲ್ಲಿ ನನ್ನ ಗೆಳೆಯನೊಬ್ಬನಿದ್ದ, ಸುರಪುರದವನು, ಬಾಯಿ ಜೋರು. “ರಾಣಿ ಬಂದ್ಳು, ಗಾಡಿ ಬಂದ್ ಮಾಡ್ರಲೇ” ಎಂದು ಪಿಸುಗುಟ್ಟುತ್ತಿದ್ದ. “ಅಣ್ಣ ಅಂದ್ರ ಹಿಂಗಿರಬೇಕು” ಎಂದು ಉಳಿದವರು ಅನ್ನುತ್ತಿದ್ದರು. ಆ ಮಾತು ನನಗೆ ಹಿತವಾಗಿತ್ತು. ಈಗ ಯೋಚಿಸಿದರೆ, ಅವಳ ಬಗೆಗಿನ ಭಯ ಎಷ್ಟಿತ್ತೋ ಆ ಮಾತಿನ ಆಸೆಯೂ ಅಷ್ಟೇ ಇತ್ತು.

ಟೀಚರ್ ನೋಡಲು ಬಂದ ದಿನ ನಾನು ಚಹಾದಂಗಡಿಯೊಳಗೆ ಅವಿತಿದ್ದೆ. ಕೈ ತೋರಿಸುವುದೂ ಬೇಕಾಗಲಿಲ್ಲ. ಗೆಳೆಯರಿಗೆ ರೂಢಿಯಾಗಿತ್ತು, ಅವಳು ಅಂಚಿಗೆ ಬಂದಳೆಂದರೆ ತಾವೇ ನಿಲ್ಲಿಸುತ್ತಿದ್ದರು. ಟೀಚರ್ ಖುಷಿಪಟ್ಟು ಅವಳ ಬೆನ್ನು ತಟ್ಟಿದರು. ಅವತ್ತು ಮನೆಗೆ ಬಂದ ತಂಗಿ ಹೇಳಿದಳು: “ಯಣ್ಣಾ, ಟೀಚರ್ ಸುಳ್ಳ ಹೆದರಿಸಿದ್ರು ನೋಡು. ನಾ ನಿಂತ್ರ ಸಾಕು, ರಸ್ತಾ ತಾನ ಖಾಲಿ ಆಗ್ತದ.”

ಪರೀಕ್ಷೆಯಲ್ಲಿ ಪಾಸಾದಳು. ಹಾಸ್ಟೆಲಿನವರಿಗೆ ತೋರಿಸುವುದಕ್ಕೆ ಮುಂಚೆ ಒಮ್ಮೆ ನೋಡೋಣವೆಂದು ಟೀಚರ್ ನಮ್ಮಿಬ್ಬರನ್ನೂ ಯಾದಗಿರಿಗೆ ಕರೆದರು. ದಾರಿಯನ್ನು ಅವಳ ಜೊತೆ ನಡೆದು ತೋರಿಸಿ, ಮತ್ತೆ ಬಸ್ ನಿಲ್ದಾಣಕ್ಕೆ ಕರೆತಂದು, “ಈಗ ನೀನ ಹೋಗು” ಎಂದರು. ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಆ ಊರಲ್ಲಿ ನನ್ನ ಗುರುತಿನ ಒಬ್ಬ ಡ್ರೈವರನೂ ಇರಲಿಲ್ಲ.

ತಂಗಿ ರಸ್ತೆಯ ಅಂಚಿಗೆ ಹೋಗಿ ನಿಂತಳು. ನಿಂತರೆ ರಸ್ತೆ ಖಾಲಿಯಾಗುತ್ತದೆಂದು ನಂಬಿದ್ದಳು. ಬಸ್ಸು, ಲಾರಿ, ಆಟೋ, ಹಾರ್ನಿನ ಮೇಲೆ ಹಾರ್ನು. ಕಾದಳು. ಒಂದು ಹೆಜ್ಜೆ ಇಟ್ಟಳು. ಆಟೋದವನು ಬೈದು ಹೋದ. ಹಿಂದೆ ಸರಿದಳು. ಮತ್ತೆ ಕಾದಳು.

“ಯಾರನ್ನಾರ ಕೇಳವ್ವಾ, ಕೇಳು” ಎಂದು ಟೀಚರ್ ತಮ್ಮಷ್ಟಕ್ಕೆ ಗೊಣಗಿದರು. ಅವಳು ಕೇಳಲಿಲ್ಲ. ಕೇಳಬೇಕಾದ ಪ್ರಸಂಗ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. “ಶಹಾಪುರದಾಗ ಅಷ್ಟು ಚಲೋ ದಾಟತಿದ್ಳಲ್ಲೋ, ಇಲ್ಲೇನಾತು ಈಕಿಗೆ?” ಎಂದು ಟೀಚರ್ ನನ್ನ ಮುಖ ನೋಡಿದರು.

ಆಗ ಹೇಳಬಹುದಿತ್ತು. ಹೇಳಿದ್ದರೆ ಬೈದು, ಮತ್ತೆ ಮೊದಲಿನಿಂದ ಕಲಿಸುತ್ತಿದ್ದರು, ಅಂಥ ಹೆಂಗಸು ಅವರು. ನಾನು “ಏನೋ ಗೊತ್ತಿಲ್ರಿ” ಎಂದೆ.

ತಂಗಿ ಕೋಲು ತಡವುತ್ತ ವಾಪಸು ಬಂದಳು. “ನನ್ನ ಕೈಲಿ ಆಗಂಗಿಲ್ರಿ ಟೀಚರ್” ಎಂದಳು. ಅವರು ಎಷ್ಟು ಹೇಳಿದರೂ ಮತ್ತೆ ಹೋಗಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ನಾನು “ಈ ಊರ ಮಂದಿನ ಸರಿ ಇಲ್ಲ ಬಿಡು” ಎಂದೆ. “ಮಂದಿ ಅಲ್ಲಣ್ಣ, ನಾನ ಸರಿ ಇಲ್ಲ” ಎಂದಳು. ಭೀಮಾ ಸೇತುವೆ ದಾಟುವಾಗ ಕೋಲನ್ನು ಮಡಚಿ ಚೀಲದಲ್ಲಿಟ್ಟಳು.

ಕಾಲೇಜು ಅಲ್ಲಿಗೆ ಮುಗಿಯಿತು. ಟೀಚರಿಗೆ ಬೇರೆ ಕಡೆ ವರ್ಗವಾಯಿತು. ತಂಗಿ ಮನೆಯಲ್ಲಿ ಜೋಳ ಹಸನು ಮಾಡಿದಳು, ಬತ್ತಿ ಹೊಸೆದಳು, ಅವ್ವ ಹಾಸಿಗೆ ಹಿಡಿದಾಗ ಅವಳ ಚಾಕರಿ ಮಾಡಿದಳು. ಅವ್ವ ಹೋದ ಮೇಲೂ ಅದೇ ಮನೆ, ಅದೇ ಬಾಗಿಲು. ನನ್ನ ಮದುವೆಯಾಗಿ ಮಕ್ಕಳಾದವು. ಅವಳನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದರೆ ನಾನೇ. ಎಷ್ಟೋ ದಿನ ಬೇಸರವಾಗಿ ಸಿಡುಕಿದ್ದೇನೆ. “ಒಬ್ಬಾಕಿನ ಹೋಗಾಕ ಬರಂಗಿಲ್ಲ, ಸುಮ್ನ ಕುಂದ್ರು” ಎಂದು ಒಮ್ಮೆ ಅಂದೆ. ಅಂದವನು ನಾನೇ.

ಹೋದ ವರ್ಷ ಸುರಪುರದಲ್ಲಿ ಆ ಗೆಳೆಯನ ಮೊಮ್ಮಗಳ ತೊಟ್ಟಿಲ ಕಾರ್ಯ. ಊಟದ ಸಾಲಿನಲ್ಲಿ ಅವನು ತಂಗಿಯ ಎದುರು ಬಂದು ಕುಳಿತ. “ನೆನಪೈತೇನವ್ವ ರಾಣಿ? ನಿನ್ನ ಸಲುವಾಗಿ ಶಹಾಪುರದಾಗ ದಿನಾ ಗಾಡಿ ಬಂದ್ ಮಾಡಿ ಸಾಕಾಗಿತ್ತು ನಮಗ. ನಿಮ್ಮಣ್ಣ ಚಪ್ಪಲಿ ಕೈಯಾಗ ಹಿಡ್ಕೊಂಡು ಕಳ್ಳನಂಗ ನಿನ್ನ ಹಿಂದ!” ಸುತ್ತಲಿದ್ದವರು ನಕ್ಕರು. ತಂಗಿಯ ಕೈ ಎಲೆಯ ಮೇಲೆ ನಿಂತಿತು.

ಗೋಗಿಗೆ ವಾಪಸು ಬಂದೆವು. ಮನೆಯ ಮುಂದೆ ಟಂಟಂ ನಿಲ್ಲಿಸಿದಾಗ ಕೇಳಿದಳು: “ಯಾದಗಿರ್ಯಾಗ ನಾ ನಿಂತಾಗ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಟೀಚರ್‌ಗೆ ಯಾಕ ಹೇಳಲಿಲ್ಲ?”

ನಾನು ಕೀಲಿ ತಿರುವಿ ಎಂಜಿನ್ ಬಂದ್ ಮಾಡಿದೆ.

“ಸದ್ದು ಇದ್ರ ಅಲ್ಲೇನೋ ನನಗ ದಾರಿ ಕಾಣೋದು. ಅದನ್ನ ಬಂದ್ ಮಾಡಿಸಿದಿ. ಇಷ್ಟು ವರ್ಷ ನಾನ ದಡ್ಡಿ ಅಂತ ತಿಳಕೊಂಡು ಕುಂತೀನಿ.” ಅಳಲಿಲ್ಲ, ಕೂಗಾಡಲಿಲ್ಲ. ಇಳಿದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಬಹಳ ದಿನ ನನ್ನ ಜೊತೆ ಮಾತಿರಲಿಲ್ಲ. ಈ ಸಲ ಬೇಸಿಗೆ ಮುಗಿದ ಮೇಲೆ ತಾನೇ ಹೇಳಿದಳು: ಶಹಾಪುರದಲ್ಲಿ ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರಂತೆ, ಕೆಲಸಕ್ಕೆ ಕೈ ಬೇಕಂತೆ, ತಾನು ಹೋಗುತ್ತಾಳಂತೆ. ಒಬ್ಬಳೇ, ಬಸ್ಸಿನಲ್ಲಿ. ದಾಟಬೇಕಾದ್ದು ಅದೇ ರಸ್ತೆ.

“ನಾನೂ ಬರ್ಲೇನು?”

“ಬಾ. ನಿನ್ನ ದಂಧೆಗೆ ಬಾ. ನಾ ನಿಂತಿದ್ರ ಗಾಡಿ ನಿಲ್ಲಿಸಬ್ಯಾಡ. ಹಾರ್ನ್ ಹೊಡಕೋತ ಹೋಗು.”

ಮೊದಲ ದಿನ ಅವಳು ರಸ್ತೆಯ ಅಂಚಿನಲ್ಲಿ ನಿಂತಾಗ ನಾನು ಟಂಟಂ ತುಂಬ ಮಂದಿ ಹಾಕಿಕೊಂಡು ಬರುತ್ತಿದ್ದೆ. ಕಾಲು ಬ್ರೇಕಿನ ಮೇಲೆ ಹೋಯಿತು. ತೆಗೆದೆ. ಹಾರ್ನ್ ಹೊಡೆದೆ. ಅವಳು ಕೋಲನ್ನು ಹಿಂದಕ್ಕೆಳೆದುಕೊಂಡಳು, ನಾನು ಅವಳ ಮುಂದಿನಿಂದಲೇ ಹಾದುಹೋದೆ. ಕನ್ನಡಿಯಲ್ಲಿ ನೋಡಿದರೆ ಇನ್ನೂ ಅಲ್ಲೇ ನಿಂತಿದ್ದಳು. ಪಕ್ಕದಲ್ಲಿದ್ದ ಯಾರೋ ಹೆಂಗಸಿನ ಕಡೆ ತಿರುಗಿ ಏನೋ ಕೇಳುತ್ತಿದ್ದಳು.